ಗುಲಾಬಿ ನೀರು ಬಂತು, ಕೆಲಸ ಮುಗೀತಾ?

ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತೆ. ಪಿಯುಸಿಯಲ್ಲಿ ನಾವೆಲ್ಲ ಇದನ್ನ ಓದಿದ್ದೀವಿ, 4 ಡಿಗ್ರಿಯಲ್ಲಿ ಸಾಂದ್ರತೆ ಗರಿಷ್ಠ ಅಂತ ಗ್ರಾಫ್ ಕೂಡ ಬರೆದಿದ್ದೀವಿ. ನಮ್ಮೂರ ಕೆರೆ ಯಾವತ್ತೂ ಹೆಪ್ಪುಗಟ್ಟಲ್ಲ, ಹಾಗಾಗಿ ಪರೀಕ್ಷೆ ಮುಗಿದ ಮೇಲೆ ಆ ವಿಷಯಕ್ಕೆ ತಲೆ ಕೆಡಿಸಿಕೊಂಡವರೂ ಇಲ್ಲ. ಆದ್ರೆ ಅಮೆರಿಕದ ಮಿನ್ನೆಸೋಟಾದಲ್ಲಿ ಬೋಟ್ ಇಟ್ಟುಕೊಂಡವರಿಗೆ ಆ ಶೇ. 9 ಅಂದ್ರೆ ಒಂದು ಇಡೀ ಎಂಜಿನ್‌ನ ಬೆಲೆ. ಅಲ್ಲಿ ಸಾವಿರಾರು ಸರೋವರಗಳಿವೆ, ಚಳಿಗಾಲದಲ್ಲಿ ಅವೆಲ್ಲ ಗಟ್ಟಿಯಾಗ್ತವೆ. ಅದಕ್ಕೇ ಅಕ್ಟೋಬರ್ ಹೊತ್ತಿಗೆ ಜನ ಬೋಟ್‌ಗಳನ್ನ ದಡಕ್ಕೆ ಎಳೆದು, ಎಂಜಿನ್‌ನ ಚಳಿಗಾಲಕ್ಕೆ ಸಿದ್ಧ ಮಾಡ್ತಾರೆ. ವಿಂಟರೈಸಿಂಗ್ ಅಂತ ಅದಕ್ಕೆ ಹೆಸರು.

ನಾವು ಮೆಕ್ಯಾನಿಕಲ್‌ನವರು ಇದನ್ನ ಯಾಕೆ ಓದ್ಬೇಕು ಅಂತ ಕೇಳಬಹುದು. ಓದ್ಬೇಕು ಅನ್ನೋದೇ ನಮ್ಮ ವಾದ. ನಮ್ಮ ಲ್ಯಾಬ್‌ಗಳಲ್ಲಿ ಏನು ತಪ್ಪಾಗ್ತಿದೆ ಅನ್ನೋದು ಈ ಬೋಟ್ ಎಂಜಿನ್‌ನಲ್ಲಿ ಚೆನ್ನಾಗಿ ಕಾಣಿಸುತ್ತೆ.

ಮೊದಲು ಎಂಜಿನ್ ನೋಡೋಣ. ಕಾರಿನಲ್ಲಿ ರೇಡಿಯೇಟರ್ ಇರುತ್ತೆ, ಅದರೊಳಗೆ ಕೂಲೆಂಟ್ ಸುತ್ತುತ್ತಾ ಇರುತ್ತೆ. ಬೋಟ್‌ನ ಒಳಗೇ ಕೂತಿರೋ ಎಷ್ಟೋ ಪೆಟ್ರೋಲ್ ಎಂಜಿನ್‌ಗಳಿಗೆ ರೇಡಿಯೇಟರ್ ಇಲ್ಲ. ಸುತ್ತ ಅಷ್ಟೊಂದು ನೀರಿರುವಾಗ ಯಾಕೆ ಬೇಕು? ಪಂಪ್ ಸರೋವರದ ನೀರನ್ನೇ ಎಳೆದು ಬ್ಲಾಕ್‌ಗೆ ಕೊಡುತ್ತೆ, ಬಿಸಿಯಾದ ನೀರು ಎಕ್ಸಾಸ್ಟ್ ಜೊತೆ ಹೊರಗೆ ಹೋಗುತ್ತೆ. ಚೆಂದದ ಡಿಸೈನ್. ತೊಂದರೆ ಶುರುವಾಗೋದು ಎಂಜಿನ್ ನಿಲ್ಲಿಸಿದ ಮೇಲೆ. ಹೊರಗೆ ಕಟ್ಟಿರೋ ಔಟ್‌ಬೋರ್ಡ್ ಮೋಟರ್ ಆದ್ರೆ, ನೆಟ್ಟಗೆ ನಿಲ್ಲಿಸಿದ್ರೆ ನೀರು ತಾನಾಗೇ ಇಳಿದು ಹೋಗುತ್ತೆ. ಒಳಗಿರೋ ಎಂಜಿನ್‌ನಲ್ಲಿ ಹಾಗಲ್ಲ. ಬ್ಲಾಕ್‌ನ ತಳದಲ್ಲಿ, ಮ್ಯಾನಿಫೋಲ್ಡ್‌ನಲ್ಲಿ, ಹೋಸ್‌ಗಳ ತಗ್ಗಿನಲ್ಲಿ ನೀರು ಕೂತುಬಿಡುತ್ತೆ. ಹೊರಗೆ ಮೈನಸ್ 20 ಆದಾಗ ಅದೂ ಹೆಪ್ಪುಗಟ್ಟುತ್ತೆ.

ಹಿಗ್ಗೋಕೆ ಜಾಗ ಸಿಗದಿದ್ರೆ ಏನಾಗುತ್ತೆ? ಪೂರ್ತಿ ಮುಚ್ಚಿದ ಜಾಗದಲ್ಲಿ, ಸುಮಾರು ಮೈನಸ್ 22 ಡಿಗ್ರಿಯಲ್ಲಿ, ಮಂಜುಗಡ್ಡೆ 200 ಮೆಗಾಪ್ಯಾಸ್ಕಲ್‌ವರೆಗೆ ಒತ್ತಡ ಹಾಕಬಲ್ಲದು. ನಮ್ಮ ಮೆಟೀರಿಯಲ್ಸ್ ಪಾಠದ ಎಫ್‌ಜಿ 200 ನೆನಪು ಮಾಡ್ಕೊಳ್ಳಿ. ಆ ಬೂದು ಎರಕದ ಕಬ್ಬಿಣದ ಎಳೆತದ ಬಲವೇ 200 ಮೆಗಾಪ್ಯಾಸ್ಕಲ್. ವಾಟರ್ ಜಾಕೆಟ್‌ನ ತೆಳು ಗೋಡೆಯಲ್ಲಿ ಬರೋ ಸ್ಟ್ರೆಸ್ಸು ಒಳಗಿನ ಒತ್ತಡಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಅಂದ್ರೆ ಅಷ್ಟು ಒತ್ತಡ ಬೇಕಾಗೋದೂ ಇಲ್ಲ. ಈ ಕಬ್ಬಿಣ ಬಾಗಲ್ಲ, ಎಳೆದ್ರೆ ಉದ್ದ ಆಗಲ್ಲ, ಸೀದಾ ಬಿರುಕು ಬಿಡುತ್ತೆ. ಆ ಬಿರುಕು ಚಳಿಗಾಲದಲ್ಲಿ ಗೊತ್ತೇ ಆಗಲ್ಲ, ಯಾಕಂದ್ರೆ ಮಂಜುಗಡ್ಡೆಯೇ ಅದನ್ನ ಮುಚ್ಚಿರುತ್ತೆ. ವಸಂತದಲ್ಲಿ ಕರಗಿದ ಮೇಲೆ ಸ್ಟಾರ್ಟ್ ಮಾಡಿ ಡಿಪ್‌ಸ್ಟಿಕ್ ತೆಗೆದ್ರೆ, ಎಂಜಿನ್ ಆಯಿಲ್ ಹಾಲು ಜಾಸ್ತಿಯಾದ ಕಾಫಿ ತರ ಇರುತ್ತೆ.

ಇಲ್ಲೊಂದು ಮಾತು ಹೇಳಲೇಬೇಕು. ಬ್ಲಾಕ್‌ನ ಬದಿಯಲ್ಲಿ ತಗಡಿನ ಬಿಲ್ಲೆ ತರ ಕಾಣೋ ಪ್ಲಗ್‌ಗಳಿಗೆ ಫ್ರೀಜ್ ಪ್ಲಗ್ ಅಂತಾರೆ, ಮಂಜುಗಟ್ಟಿದಾಗ ಅವು ಹೊರಗೆ ಹಾರಿ ಬ್ಲಾಕ್ ಉಳಿಸ್ತವೆ ಅನ್ನೋ ನಂಬಿಕೆ ಇದೆ. ಅಸಲಿಗೆ ಅವು ಕೋರ್ ಪ್ಲಗ್‌ಗಳು. ಎರಕ ಹೊಯ್ದಾಗ ಒಳಗಿದ್ದ ಮರಳಿನ ಕೋರ್ ತೆಗೆಯೋಕೆ ಬಿಟ್ಟ ತೂತುಗಳನ್ನ ಮುಚ್ಚೋಕೆ ಹಾಕಿದ್ದು. ಕೆಲವು ಸಲ ಹಾರ್ತವೆ ನಿಜ, ಅದು ಅದೃಷ್ಟ. ಹೆಸರು ನೋಡಿ ಕೆಲಸ ಊಹಿಸಬಾರದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಮ್ಮ ಬ್ರಾಂಚಿನಲ್ಲಿ ಸಿಗಲ್ಲ.

ಈಗ ರಕ್ಷಣೆಯ ವಿಷಯ. ಸುಲಭದ ದಾರಿ ಹೀಗಿದೆ. ಒಂದು ಬಕೆಟ್‌ನಲ್ಲಿ ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ಆಂಟಿಫ್ರೀಜ್ ತುಂಬಿಸಿ ಎತ್ತರದಲ್ಲಿ ಇಡ್ತಾರೆ, ಪೈಪ್‌ನ ನೀರು ಎಳೆಯೋ ಬಾಯಿಗೆ ಜೋಡಿಸಿ ಎಂಜಿನ್ ಓಡಿಸ್ತಾರೆ. ಹಿಂದೆ ಎಕ್ಸಾಸ್ಟ್‌ನಲ್ಲಿ ಗುಲಾಬಿ ನೀರು ಬಂದ ತಕ್ಷಣ ಆಫ್. ಹತ್ತು ನಿಮಿಷದ ಕೆಲಸ, ಕೈ ಕೊಳೆಯಾಗಲ್ಲ.

ಇದರಲ್ಲಿ ಮೋಸ ಇರೋದು ಥರ್ಮೋಸ್ಟಾಟ್‌ನಲ್ಲಿ. ಈ ಎಂಜಿನ್‌ಗಳಲ್ಲಿ ಅದು ತೆರೆಯೋದು ಸುಮಾರು 60ರಿಂದ 70 ಡಿಗ್ರಿಗೆ. ಎಂಜಿನ್ ಪೂರ್ತಿ ಬಿಸಿಯಾಗಿರದಿದ್ರೆ ಅದು ಮುಚ್ಚೇ ಇರುತ್ತೆ. ಆಗ ಎಷ್ಟೋ ಎಂಜಿನ್‌ಗಳಲ್ಲಿ ಆಂಟಿಫ್ರೀಜ್ ಬ್ಲಾಕ್‌ನೊಳಗೆ ಹೋಗದೆ, ಪಕ್ಕದ ದಾರಿಯಲ್ಲಿ ಮ್ಯಾನಿಫೋಲ್ಡ್‌ಗೆ ಹೋಗಿ ಹಿಂದಿನಿಂದ ಹೊರಗೆ ಬೀಳುತ್ತೆ. ನೋಡಿದವರಿಗೆ ಗುಲಾಬಿ ಕಂಡಿತು, ಸಮಾಧಾನ ಆಯ್ತು. ಬ್ಲಾಕ್‌ನಲ್ಲಿ ಸರೋವರದ ನೀರು ಹಾಗೇ ಕೂತಿದೆ.

ಡಬ್ಬಿ ಮೇಲಿನ ಮೈನಸ್ 50 ಅನ್ನೋ ಅಂಕಿಯೂ ಅಷ್ಟೇ. ಅದು ಫ್ಯಾರನ್‌ಹೀಟ್, ಅದೂ ಪೈಪ್ ಒಡೆಯದೆ ಉಳಿಯೋ ತಾಪಮಾನ. ಸೆಲ್ಸಿಯಸ್‌ನಲ್ಲಿ ಮೈನಸ್ 10ರ ಆಸುಪಾಸಿಗೇ ಅದು ಗಂಜಿ ತರ ಆಗೋಕೆ ಶುರುವಾಗುತ್ತೆ. ಒಳಗೆ ಉಳಿದ ನೀರು ಸೇರಿ ತೆಳುವಾದ್ರೆ ಆ ಅಂಕಿಯನ್ನ ನಂಬೋ ಹಾಗೇ ಇಲ್ಲ.

ಹಳೇ ದಾರಿ ಬೇರೆ. ಬ್ಲಾಕ್‌ನ ಎರಡೂ ಬದಿಯ ಡ್ರೈನ್ ಪ್ಲಗ್ ಬಿಚ್ಚಬೇಕು, ಮ್ಯಾನಿಫೋಲ್ಡ್‌ದೂ ಬಿಚ್ಚಬೇಕು, ಹೋಸ್‌ಗಳ ತುದಿ ಕಳಚಿ ಕೆಳಗೆ ಮಾಡಬೇಕು. ಪ್ಲಗ್ ಬಿಚ್ಚಿದಾಗ ಒಂದೊಂದ್ಸಲ ನಾಲ್ಕು ಹನಿ ಬಂದು ನಿಲ್ಲುತ್ತೆ. ನೀರು ಖಾಲಿಯಾಗಿ ನಿಂತಿತೋ, ತುಕ್ಕು ಮರಳು ತೂತಿಗೆ ಅಡ್ಡ ಬಂದು ನಿಂತಿತೋ? ಒಂದು ತಂತಿ ತೂರಿಸಿ ಕೆದಕಿದ್ರೇನೇ ಗೊತ್ತಾಗೋದು. ಎಷ್ಟೋ ಸಲ ಕೆದಕಿದ ಮೇಲೆ ಭರ್ ಅಂತ ನೀರು ಸುರಿಯುತ್ತೆ. ಅದಾದ ಮೇಲೆ ಬೇಕಿದ್ರೆ ಪ್ಲಗ್ ಹಾಕಿ, ಮೇಲಿನ ಹೋಸ್ ಬಿಚ್ಚಿ ಆಂಟಿಫ್ರೀಜ್‌ನ ನೇರ ಬ್ಲಾಕ್‌ಗೇ ಸುರೀಬಹುದು, ತುಕ್ಕಿಗೂ ಒಳ್ಳೇದು. ನಮ್ಮ ಓಟು ಈ ತಂತಿಗೇ.

ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬ್‌ನ ವೆಂಚುರಿಮೀಟರ್‌ದೂ ಇದೇ ಕಥೆ. ಸಿಡಿ 0.97 ಬಂದ್ರೆ ಪೂರ್ತಿ ಮಾರ್ಕ್ಸ್. ಮ್ಯಾನೋಮೀಟರ್ ಟ್ಯೂಬಲ್ಲಿ ಗಾಳಿ ಗುಳ್ಳೆ ಇತ್ತಾ, ಅದನ್ನ ಹೊರಗೆ ಬಿಟ್ರಾ ಅಂತ ವೈವಾದಲ್ಲಿ ಯಾರೂ ಕೇಳಲ್ಲ. ಗುಳ್ಳೆ ಇದ್ರೂ ಒಂದು ರೀಡಿಂಗ್ ಅಂತೂ ಬಂದೇ ಬರುತ್ತೆ, ಉಳಿದಿದ್ದನ್ನ ಕ್ಯಾಲ್ಕುಲೇಟರ್ ನೋಡ್ಕೊಳ್ಳುತ್ತೆ. 0.97 ಅನ್ನೋದು ನಮ್ಮ ಗುಲಾಬಿ ನೀರು. ವಾಲ್ವ್ ತೆರೆದು ಗಾಳಿ ಬಿಟ್ಟವರಿಗೆ ಅರ್ಧ ಮಾರ್ಕು, ಸಿಡಿ 0.91 ಬಂದು ಯಾಕೆ ಬಂತು ಅಂತ ಹೇಳಬಲ್ಲವರಿಗೆ ಉಳಿದರ್ಧ ಕೊಡಿ ಅಂತ ನಮ್ಮ ಬೇಡಿಕೆ. ಸಿಲಬಸ್ ಬದಲಾಯಿಸೋದು ಬೇಡ, ಕೇಳೋ ಪ್ರಶ್ನೆ ಬದಲಾಯಿಸಿದ್ರೆ ಸಾಕು.

"ನಾನು ವರ್ಷಾನುಗಟ್ಟಲೆ ಬಕೆಟ್ ದಾರಿಯಲ್ಲೇ ಮಾಡ್ತಿದ್ದೀನಿ, ಏನೂ ಆಗಿಲ್ಲ" ಅನ್ನೋರು ಅಲ್ಲೂ ಇದ್ದಾರೆ. ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಕೊನೆಗೆ ಬ್ಲಾಕ್‌ನ ಪ್ಲಗ್ ಸ್ವಲ್ಪ ಸಡಿಲಿಸಿ, ಅಲ್ಲಿಂದ ಬಂದ ಹನಿಯನ್ನ ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿದವರ ಹತ್ರ ನಮಗೆ ಜಗಳ ಇಲ್ಲ. ಹಿಂದೆ ನಿಂತು ಬಣ್ಣ ಮಾತ್ರ ನೋಡಿದವರಿಗೆ ಆ ವರ್ಷಗಳಲ್ಲಿ ಚಳಿ ಕಮ್ಮಿ ಇದ್ದಿರಬಹುದು, ಶೆಡ್ ಬೆಚ್ಚಗಿದ್ದಿರಬಹುದು.

ನೀರು ಇಳಿಸಿ ಎಂಜಿನ್‌ನ ಒಣಗಲೇ ಇಡೋರು ಇನ್ನೊಂದು ಕೆಲಸ ಮಾಡ್ತಾರೆ. ಬಿಚ್ಚಿದ ಪ್ಲಗ್‌ಗಳನ್ನ ವಾಪಸ್ ಹಾಕದೆ ಒಂದು ಚೀಲದಲ್ಲಿ ತುಂಬಿ, ಆ ಚೀಲವನ್ನ ಬೋಟ್‌ನ ಕೀಗೇ ಕಟ್ಟಿಬಿಡ್ತಾರೆ. ಏಪ್ರಿಲ್‌ನಲ್ಲಿ ಯಾರೇ ಬಂದು ಸ್ಟಾರ್ಟ್ ಮಾಡೋಕೆ ಹೋದ್ರೂ ಮೊದಲು ಕೈಗೆ ಸಿಗೋದು ಪ್ಲಗ್ಗು.