ಮಾತ್ರೆ ಚೀಲ ಕಳವಾದಾಗ ಮೊದಲ ಕೆಲಸ

ಅಕ್ಕಿಹೆಬ್ಬಾಳು ನಿಲ್ದಾಣದಲ್ಲಿ ಮೈಸೂರು ಕಡೆಯ ರೈಲು ಹತ್ತುವವರಲ್ಲಿ ದೊಡ್ಡಾಸ್ಪತ್ರೆಗೆ ಹೊರಟವರು ಸದಾ ಇರುತ್ತಾರೆ. ಎದೆನೋವಿನವರು ಜಯದೇವ ಹೃದ್ರೋಗ ಆಸ್ಪತ್ರೆಗೆ, ಉಳಿದವರು ಕೆ.ಆರ್. ಆಸ್ಪತ್ರೆಗೆ. ಕೆ.ಆರ್. ಪೇಟೆಯ ತಾಲ್ಲೂಕು ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಬಸ್ಸು ಹಿಡಿಯುವವರು ಬೇರೆ. ನಾಗಮಂಗಲದ ಕಡೆಯವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ ಹತ್ತಿರ. ಸಂಜೆ ಊರಿಗೆ ಮರಳುವಾಗ ಇವರೆಲ್ಲರ ಕೈಚೀಲದಲ್ಲಿ ಒಂದು ತಿಂಗಳ ಮಾತ್ರೆ, ವೈದ್ಯರ ಚೀಟಿ, ಇಸಿಜಿ ಹಾಳೆ, ಮೆಡಿಕಲ್ ಸ್ಟೋರಿನ ಬಿಲ್ಲು, ಆಧಾರ್ ಕಾರ್ಡು, ಖರ್ಚಾಗಿ ಉಳಿದ ದುಡ್ಡು ಎಲ್ಲವೂ ಒಟ್ಟಿಗೇ ಇರುತ್ತವೆ. ಕಳ್ಳನ ಕಣ್ಣು ದುಡ್ಡಿನ ಮೇಲೆ, ಆದರೆ ಅವನು ಎತ್ತಿಕೊಂಡು ಹೋಗುವುದು ಇಡೀ ಚೀಲವನ್ನು.

ಹೀಗಾದಾಗ ಮನೆಯಲ್ಲಿ ನಡೆಯುವ ಮಾತು ಎಲ್ಲರಿಗೂ ಗೊತ್ತಿರುವಂಥದ್ದೇ. 'ಜಾಸ್ತಿ ದುಡ್ಡೇನೂ ಹೋಗ್ಲಿಲ್ವಲ್ಲ ಬುಡವ್ವ, ಮಾತ್ರೆ ತಾನೆ, ಮುಂದಿನ ಸಲ ಹೋದಾಗ ಈಸ್ಕೊಂಡ್ರಾಯ್ತು' ಎಂದು ಸಮಾಧಾನ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುವ ಮಾತದು. ಆದರೆ ಮುಂದಿನ ಸಲ ಎಂದರೆ ಇನ್ನೂ ಒಂದು ತಿಂಗಳು. ಕೆಲವು ಕಾಯಿಲೆಗಳು ಒಂದು ತಿಂಗಳು ಕಾಯುವುದಿಲ್ಲ, ಮೂರು ದಿನವೂ ಕಾಯುವುದಿಲ್ಲ. ಅಕ್ಕಿಹೆಬ್ಬಾಳು ಹೋಬಳಿಯ ಜನರಲ್ಲಿ, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಓದುಗರಲ್ಲಿ ಈ ಮನವಿ ಅದರ ಸಲುವಾಗಿಯೇ.

ಮಾತ್ರೆ ಕಳವಾದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಮುಂದಿನ ಹೊತ್ತಿನ ಗುಳಿಗೆ ಎಷ್ಟು ಗಂಟೆಗೆ ಎಂಬುದು. ಕಳ್ಳ ಯಾರು, ಎಲ್ಲಿ ಇಳಿದ ಎಂಬ ಹುಡುಕಾಟ ಆಮೇಲಿನದು.

ಎಲ್ಲ ಮಾತ್ರೆಗಳೂ ಒಂದೇ ತೂಕದವಲ್ಲ. ಕ್ಯಾಲ್ಸಿಯಂ, ವಿಟಮಿನ್ ಮಾತ್ರೆಗಳು ವಾರ ತಪ್ಪಿದರೂ ಆಪತ್ತಿಲ್ಲ. ಕೊಲೆಸ್ಟ್ರಾಲ್ ಮಾತ್ರೆ ಒಂದೆರಡು ದಿನ ಕಾಯಬಹುದು. ಫಿಟ್ಸ್ ಮಾತ್ರೆಯ ಮಾತು ಬೇರೆ. ವರ್ಷಗಟ್ಟಲೆ ಒಂದೂ ಫಿಟ್ಸ್ ಬಾರದೆ ಗದ್ದೆ ಕೆಲಸ ಮಾಡಿಕೊಂಡಿದ್ದವರಿಗೂ ಮಾತ್ರೆ ಹಠಾತ್ತನೆ ನಿಂತರೆ ಮತ್ತೆ ಬರಬಹುದು. ಒಂದರ ಹಿಂದೊಂದು ಬಂದು ನಿಲ್ಲದೆ ಹೋದರೆ ಪ್ರಾಣಕ್ಕೇ ಅಪಾಯ. ಹುಟ್ಟಿನಿಂದಲೋ ಎಳವೆಯಿಂದಲೋ ಶುಗರ್ ಇದ್ದು ಇನ್ಸುಲಿನ್ ಮೇಲೆಯೇ ಬದುಕಿರುವ ಮಕ್ಕಳಿಗೆ ಒಂದೇ ದಿನ ಅದು ತಪ್ಪಿದರೂ ರಕ್ತದಲ್ಲಿ ಆಮ್ಲದಂಶ ಏರಿ ವಾಂತಿ, ಏದುಸಿರು ಶುರುವಾಗಬಹುದು. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ವೈದ್ಯರು ಹೇಳಿದ ಅವಧಿಗೆ ಮುಂಚೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟುವ ಭಯವಿದೆ. ಹೃದಯದ ಕವಾಟ ಬದಲಾಯಿಸಿಕೊಂಡವರ ಪಾಡೂ ಇದೇ. ಆಸ್ತಮಾಕ್ಕೋ ಕೀಲುವಾತಕ್ಕೋ ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗುತ್ತಿರುವವರು ಅದನ್ನು ಥಟ್ಟನೆ ಬಿಟ್ಟರೆ ರಕ್ತದೊತ್ತಡ ಕುಸಿದು ಬೀಳಬಹುದು. ದಿನವೂ ನಿದ್ರೆ ಮಾತ್ರೆ, ಆತಂಕದ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಒಮ್ಮೆಲೇ ನಿಂತರೆ ಕೈನಡುಕ, ನಿದ್ದೆಗೇಡು, ಕೆಲವೊಮ್ಮೆ ಫಿಟ್ಸ್ ಕೂಡ ಬರುತ್ತದೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರು, ಕ್ಷಯದ ಚಿಕಿತ್ಸೆಯಲ್ಲಿರುವವರು, ಎಚ್‌ಐವಿ ಔಷಧಿಯಲ್ಲಿರುವವರು ಇದೇ ಸಾಲಿಗೆ ಸೇರುತ್ತಾರೆ.

ಇಂಥ ಮಾತ್ರೆ ಕಳೆದುಕೊಂಡವರು ಊರು ಮುಟ್ಟಿ, ಉಂಡು, ಬೆಳಗಾಗಲಿ ಎಂದು ಕೂರಬಾರದು. ಇನ್ನೂ ಮೈಸೂರಿನಲ್ಲೇ ಇದ್ದರೆ ಅದೇ ಆಸ್ಪತ್ರೆಗೆ ತಿರುಗಿ ಹೋಗುವುದು ಎಲ್ಲಕ್ಕಿಂತ ಸುಲಭ. ಹೊರರೋಗಿ ಸಂಖ್ಯೆಯೋ ಹೆಸರು ಮತ್ತು ದಿನಾಂಕವೋ ಇದ್ದರೆ ದಾಖಲೆ ಹುಡುಕಬಹುದು. ದಾರಿಯಲ್ಲೋ ಮನೆಯಲ್ಲೋ ಗೊತ್ತಾದರೆ ಮಾತ್ರೆ ಕೊಂಡ ಅಂಗಡಿಗೆ ಒಂದು ಫೋನ್ ಮಾಡಬೇಕು. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ಸ್ಟ್ರಿಪ್ ಎಂಬುದು ಬಿಲ್ಲಿನಲ್ಲಿರುತ್ತದೆ, ಬಿಲ್ಲಿನ ಪ್ರತಿ ಅಂಗಡಿಯಲ್ಲಿರುತ್ತದೆ. ಆಮೇಲೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಬೇಕು. ಬಿಪಿ, ಶುಗರ್‌ನ ಸಾಮಾನ್ಯ ಮಾತ್ರೆಗಳು ಅಲ್ಲಿ ಉಚಿತವಾಗಿಯೇ ಸಿಗುತ್ತವೆ. ಅಲ್ಲಿಲ್ಲದ ಔಷಧಿಗೆ ಅದೇ ವೈದ್ಯರು ಕೆಲವು ದಿನಗಳ ಮಟ್ಟಿಗೆ ಹೊಸ ಚೀಟಿ ಬರೆದುಕೊಡಬಲ್ಲರು. ಎರಡನೇ ಸಲ ದುಡ್ಡು ಹೊಂದಿಸುವುದು ಕಷ್ಟವೆಂದರೆ ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಕಡಿಮೆ ಬೆಲೆಗೆ ಇದೆಯೇ ಎಂದು ವಿಚಾರಿಸಬಹುದು. ಆಗಲೇ ಫಿಟ್ಸ್ ಬಂದಿದ್ದರೆ, ಎದೆ ಹಿಡಿದುಕೊಂಡಿದ್ದರೆ, ಏದುಸಿರು ಇದ್ದರೆ ಚೀಟಿ ಹುಡುಕುತ್ತ ಕೂರದೆ 108ಕ್ಕೆ ಕರೆ ಮಾಡಬೇಕು.

ಚೀಟಿಯೇ ಇಲ್ಲದೆ ಕೇಳಿದಾಗ ಅಂಗಡಿಯವರು ಕೊಡದಿದ್ದರೆ ಅವರ ಮೇಲೆ ರೇಗುವುದು ನ್ಯಾಯವಲ್ಲ. 1945ರ ಔಷಧ ನಿಯಮಗಳ ಪ್ರಕಾರ ಷೆಡ್ಯೂಲ್ ಎಚ್ ಔಷಧಿಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಇನ್ನೊಮ್ಮೆ ಕೊಡಬಹುದು ಎಂದು ವೈದ್ಯರು ಚೀಟಿಯಲ್ಲಿ ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಕೊಡಬೇಕು. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಷೆಡ್ಯೂಲ್ ಎಚ್1 ಇನ್ನೂ ಬಿಗಿ. ಆಲ್ಪ್ರಜೊಲಾಂ, ಡಯಜೆಪಾಂ, ಟ್ರಮಡಾಲ್, ಕ್ಷಯದ ಔಷಧಿಗಳು, ಕೆಲವು ಪ್ರಬಲ ಆ್ಯಂಟಿಬಯೋಟಿಕ್‌ಗಳು ಆ ಪಟ್ಟಿಯಲ್ಲಿವೆ. ಅವನ್ನು ಮಾರಿದಾಗ ವೈದ್ಯರ ಹೆಸರು, ರೋಗಿಯ ಹೆಸರು, ಔಷಧಿಯ ಪ್ರಮಾಣವನ್ನು ಬೇರೆಯೇ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಮಾತ್ರೆ ಕಳೆದುಕೊಂಡವರ ನೆರವಿಗೂ ಈ ಪುಸ್ತಕ ಬರುತ್ತದೆ. ಇಂಥ ದಿನ ಇಂಥವರಿಗೆ ಇಷ್ಟು ಮಾತ್ರೆ ಕೊಟ್ಟಿದ್ದು ನಿಜ ಎಂಬುದಕ್ಕೆ ಅದೇ ಸಾಕ್ಷಿ.

ದೂರದ ತಜ್ಞರನ್ನು ಮತ್ತೆ ಹೋಗಿ ನೋಡಲಾಗದವರಿಗೆ ಫೋನ್ ಸಮಾಲೋಚನೆಯ ದಾರಿಯಿದೆ. 2020ರ ಮಾರ್ಚ್‌ನಲ್ಲಿ ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಇದನ್ನು ಕಾನೂನುಬದ್ಧಗೊಳಿಸಿತು. ಮೊದಲೇ ನೋಡಿದ ರೋಗಿಗೆ ವೈದ್ಯರು ಅದೇ ಔಷಧಿಯನ್ನು ಮುಂದುವರಿಸುವ ಚೀಟಿಯನ್ನು ಮೊಬೈಲಿಗೇ ಕಳಿಸಬಹುದು. ಸರ್ಕಾರದ ಇ-ಸಂಜೀವಿನಿಯಲ್ಲೂ ಚೀಟಿ ಸಿಗುತ್ತದೆ. ಕ್ಯಾನ್ಸರ್ ನೋವಿಗೆ ಕೊಡುವ ಮಾರ್ಫೀನ್ ಸೇರಿದಂತೆ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿರುವ ಹೆಚ್ಚಿನ ಔಷಧಿಗಳಿಗೆ ಇದು ಅನ್ವಯಿಸದು, ಖುದ್ದಾಗಿ ಹೋಗಲೇಬೇಕು.

ಇನ್ನೊಂದು ಅಭ್ಯಾಸವನ್ನು ಕೈಮುಗಿದು ಬೇಡವೆನ್ನಬೇಕಾಗಿದೆ. ಮಾತ್ರೆ ಹೋದ ಸುದ್ದಿ ತಿಳಿದೊಡನೆ ಪಕ್ಕದ ಮನೆಯವರು ತಮ್ಮ ಶುಗರ್ ಮಾತ್ರೆಯಲ್ಲೇ ನಾಲ್ಕು ತಂದುಕೊಡುತ್ತಾರೆ. ಅವರ ಮನಸ್ಸು ದೊಡ್ಡದು. ಆದರೆ ಒಂದು ಶುಗರ್ ಮಾತ್ರೆ ಇನ್ನೊಂದರಂತಿಲ್ಲ. ಕೆಲವು ಮಾತ್ರೆಗಳು ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಿಬಿಡುತ್ತವೆ. ರಕ್ತ ತೆಳುವಾಗಿಸುವ ಮಾತ್ರೆಯಲ್ಲಂತೂ ಪ್ರತಿಯೊಬ್ಬರ ಪ್ರಮಾಣವೂ ರಕ್ತಪರೀಕ್ಷೆ ನೋಡಿ ನಿಗದಿಯಾದದ್ದು. ಹಾಗೆಯೇ ಎರಡು ದಿನ ತಪ್ಪಿತೆಂದು ಹೊಸ ಮಾತ್ರೆ ಬಂದೊಡನೆ ಮೂರನ್ನು ಒಟ್ಟಿಗೆ ನುಂಗುವುದೂ ಬೇಡ. ಬಿಟ್ಟುಹೋದದ್ದನ್ನು ಹೇಗೆ ಸರಿದೂಗಿಸಬೇಕೆಂದು ವೈದ್ಯರೇ ಹೇಳಬೇಕು.

ಕ್ಷಯದ ಮಾತ್ರೆ ಕಳೆದವರು ಹೆದರಬೇಕಾಗಿಲ್ಲ. ಸರ್ಕಾರದ ಕಾರ್ಯಕ್ರಮದಲ್ಲಿ ಅವರ ಹೆಸರು ನಿಕ್ಷಯ್ ವ್ಯವಸ್ಥೆಯಲ್ಲಿ ದಾಖಲಾಗಿರುತ್ತದೆ. ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿದರೆ ಔಷಧಿ ಮತ್ತೆ ಉಚಿತವಾಗಿ ಸಿಗಬೇಕು, 1800-11-6666 ಉಚಿತ ಸಹಾಯವಾಣಿಯೂ ಇದೆ. ಬೈಗುಳ ಬೀಳುತ್ತದೆಂದು ಸುಮ್ಮನಿದ್ದು ಮಾತ್ರೆ ಬಿಟ್ಟರೆ ಔಷಧಿಗೆ ಬಗ್ಗದ ಕ್ಷಯ ಹುಟ್ಟಿಕೊಳ್ಳಬಹುದು. ಎಚ್‌ಐವಿ ಔಷಧಿಯವರು ತಮ್ಮ ಎಆರ್‌ಟಿ ಕೇಂದ್ರಕ್ಕೆ ಅಥವಾ 1097ಕ್ಕೆ ಫೋನ್ ಮಾಡಬಹುದು.

ಇನ್ನು ಪೊಲೀಸ್ ದೂರಿನ ವಿಷಯ. ಮುನ್ನೂರು ರೂಪಾಯಿ ಮಾತ್ರೆಗೆ ಯಾರು ಸ್ಟೇಷನ್ ಮೆಟ್ಟಿಲು ಹತ್ತುತ್ತಾರೆ ಎಂದು ಕೇಳುವವರೇ ಹೆಚ್ಚು. ಹತ್ತಬೇಕಾದ ಕಾರಣಗಳಿವೆ. ನಿದ್ರೆ ಮಾತ್ರೆ, ನೋವಿನ ಪ್ರಬಲ ಮಾತ್ರೆ ಕಳೆದುಹೋಯಿತೆಂದು ಸುಳ್ಳು ಹೇಳಿ ಮತ್ತೆ ಬರೆಸಿಕೊಳ್ಳುವವರನ್ನು ವೈದ್ಯರು ಕಂಡಿರುತ್ತಾರೆ, ಅವರ ಅನುಮಾನಕ್ಕೆ ಆಧಾರವಿದೆ. ದೂರಿನ ಸ್ವೀಕೃತಿ ಕೈಯಲ್ಲಿದ್ದರೆ ನಿಜವಾದ ರೋಗಿ ತಲೆತಗ್ಗಿಸಿ ನಿಲ್ಲಬೇಕಾಗಿಲ್ಲ. ಮತ್ತೊಂದು ಕಾರಣ, ಆ ಮಾತ್ರೆಗಳೊಂದಿಗೆ ಹೆಸರು ಬರೆದ ಚೀಟಿಯೂ ಆಧಾರ್ ಕಾರ್ಡೂ ಹೋಗಿವೆ. ನಾಳೆ ಆ ಚೀಟಿ ತೋರಿಸಿ ಯಾರಾದರೂ ಅಮಲಿನ ಮಾತ್ರೆ ಕೊಂಡರೆ ಅಂಗಡಿಯ ಪುಸ್ತಕದಲ್ಲಿ ಬರುವುದು ಕಳೆದುಕೊಂಡವರ ಹೆಸರೇ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮಿನಡಿ, ವಾಸದ ಮನೆಯೊಳಗಿನ ಕಳವಿಗೂ ಪ್ರಯಾಣಿಕರ ವಾಹನದೊಳಗಿನ ಸಾಮಾನಿನ ಕಳವಿಗೂ ಏಳು ವರ್ಷದವರೆಗೆ ಸೆರೆವಾಸವಿದೆ. ಬಸ್ಸಿನಲ್ಲೋ ರೈಲಿನಲ್ಲೋ ಮಾತ್ರೆ ಚೀಲ ಹೋದರೂ ಅದು ಗಂಭೀರ ಅಪರಾಧವೇ. ಜಾತ್ರೆಯಲ್ಲೋ ಹೊಳೆ ದಡದಲ್ಲೋ ಆದ ಸಾಮಾನ್ಯ ಕಳವು, ಬೆಲೆ ಐದು ಸಾವಿರ ರೂಪಾಯಿಗೆ ಕಡಿಮೆ ಎಂದಾದರೆ, ಎಫ್‌ಐಆರ್ ಬದಲು ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಆಗಬಹುದು. ಅದರ ಪ್ರತಿಯೂ ವೈದ್ಯರಿಗೆ ತೋರಿಸಲು ಸಾಕು. ಘಟನೆ ಎಲ್ಲೋ ನಡೆದಿದೆ ಎಂದು ಸ್ಟೇಷನ್‌ನಿಂದ ಸ್ಟೇಷನ್‌ಗೆ ಅಲೆಯಬೇಕಾಗಿಲ್ಲ. ಗಂಭೀರ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದೆಂದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದೂ ಹೇಳುತ್ತದೆ. ರೈಲಿನಲ್ಲಾದರೆ ರೈಲ್ವೆ ಸಹಾಯವಾಣಿ 139ಕ್ಕೆ ತಕ್ಷಣ ಕರೆ ಮಾಡಬಹುದು.

ದೂರಿನಲ್ಲಿ ಕಾಯಿಲೆಯ ಹೆಸರು ಬರೆಯಬೇಕೇ ಎಂಬ ಅಳುಕು ಅನೇಕರನ್ನು ತಡೆಯುತ್ತದೆ, ಹೆಣ್ಣುಮಕ್ಕಳನ್ನಂತೂ ಇನ್ನೂ ಹೆಚ್ಚು. ಮಾನಸಿಕ ಕಾಯಿಲೆಯ ಮಾತ್ರೆ, ಎಚ್‌ಐವಿ ಮಾತ್ರೆ ಎಂದರೆ ಊರಿಗೆಲ್ಲ ಗೊತ್ತಾದೀತೆಂಬ ಭಯ ಸುಳ್ಳಲ್ಲ. ಕಾಯಿಲೆ ಹೇಳದೆ, ವೈದ್ಯರು ಬರೆದುಕೊಟ್ಟ ಔಷಧಿ ಇಷ್ಟು ಸ್ಟ್ರಿಪ್ ಎಂದಷ್ಟೇ ಬರೆದರೂ ದೂರು ದೂರೇ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆ ಎರಡೂ ರೋಗಿಯ ಗುಟ್ಟನ್ನು ಕಾಯುವ ಹಕ್ಕನ್ನು ಕೊಟ್ಟಿವೆ.

ಅಡ್ಡದಾರಿ ಹಿಡಿದ ಔಷಧಿಯನ್ನು ಏಕೆ ನಂಬಬಾರದು ಎಂಬುದನ್ನು ಕೊರೊನಾ ಕಾಲ ತೋರಿಸಿಕೊಟ್ಟಿತು. ರೆಮ್ಡೆಸಿವಿರ್‌ಗಾಗಿ ಜನ ಬೀದಿ ಬೀದಿ ಅಲೆಯುತ್ತಿದ್ದ 2021ರ ಏಪ್ರಿಲ್‌ನಲ್ಲಿ, ಖಾಲಿ ಸೀಸೆಗಳಿಗೆ ಸಲೈನ್ ಮತ್ತು ಆ್ಯಂಟಿಬಯೋಟಿಕ್ ತುಂಬಿ ಮಾರುತ್ತಿದ್ದ ಆರೋಪದ ಮೇಲೆ ಮೈಸೂರು ಪೊಲೀಸರು ಒಂದು ಜಾಲವನ್ನು ಹಿಡಿದರು. ಕೊಂಡವರು ಅದನ್ನು ತಮ್ಮವರ ಪ್ರಾಣ ಉಳಿಸಲೆಂದೇ ಕೊಂಡಿದ್ದರು. ಅದೇ ತಿಂಗಳು ಹರಿಯಾಣದ ಜೀಂದ್ ಆಸ್ಪತ್ರೆಯಿಂದ ಸಾವಿರಕ್ಕೂ ಹೆಚ್ಚು ಡೋಸ್ ಕೊರೊನಾ ಲಸಿಕೆಯನ್ನು ಯಾರೋ ಕದ್ದೊಯ್ದರು. ಮರುದಿನ ಪೊಲೀಸ್ ಠಾಣೆಯ ಬಳಿಯ ಚಹಾದಂಗಡಿಯಲ್ಲಿ ಚೀಲ ಬಿಟ್ಟುಹೋದ ಕಳ್ಳ, ಇದು ಕೊರೊನಾ ಔಷಧಿಯೆಂದು ತಿಳಿದಿರಲಿಲ್ಲ, ಕ್ಷಮಿಸಿ ಎಂದು ಚೀಟಿ ಬರೆದಿಟ್ಟಿದ್ದ. ಅವನ ಪಶ್ಚಾತ್ತಾಪ ನಿಜವೇ ಇರಬಹುದು, ಆದರೆ ತಂಪಿನಿಂದ ಹೊರಗಿದ್ದ ಲಸಿಕೆಯ ಕಸುವು ಕ್ಷಮೆಯಿಂದ ಮರಳದು. ಮನೆಯ ಔಷಧಿಗೂ ಇದೇ ಮಾತು. ಕಳವಾಗಿ ಸಿಕ್ಕಿದ ಇನ್ಸುಲಿನ್ ಬಿಸಿಲಿನಲ್ಲಿತ್ತೋ ಬೈಕಿನ ಡಿಕ್ಕಿಯಲ್ಲಿತ್ತೋ ತಿಳಿಯದು, ಬಳಸಬೇಡಿ. ಸ್ಟ್ರಿಪ್ ಹರಿದ ಮಾತ್ರೆ, ಸೀಲ್ ಒಡೆದ ಸಿರಪ್ ಕೂಡ ಬೇಡ.

ಎಲ್ಲಕ್ಕಿಂತ ನೋವಿನದು ಮನೆಯೊಳಗಿನ ಕಳವು. ಅಜ್ಜಿಯ ನಿದ್ರೆ ಮಾತ್ರೆ ತಿಂಗಳು ಮುಗಿಯುವ ಮೊದಲೇ ಖಾಲಿಯಾಗುತ್ತದೆ, ಶಸ್ತ್ರಚಿಕಿತ್ಸೆಯ ನಂತರ ಉಳಿದಿದ್ದ ನೋವಿನ ಮಾತ್ರೆ ಕಾಣೆಯಾಗುತ್ತದೆ. ವಯಸ್ಸಾದವರಿಗೆ ಮರೆವು ಎಂದು ಮನೆಯವರು ನಂಬುತ್ತಾರೆ. ಅಜ್ಜಿಯೂ ಪಾಪ, ತಾನೇ ಹೆಚ್ಚು ನುಂಗಿರಬೇಕೆಂದು ಒಪ್ಪಿಕೊಂಡುಬಿಡುತ್ತಾಳೆ. ಟ್ರಮಡಾಲ್ ಎಂಬ ನೋವಿನ ಮಾತ್ರೆಯನ್ನು 2018ರಲ್ಲಿ ಮಾದಕವಸ್ತು ಕಾಯ್ದೆಯಡಿ ತಂದದ್ದು ಅದನ್ನು ಅಮಲಿಗೆ ಬಳಸುವುದು ಹೆಚ್ಚಿದ್ದರಿಂದಲೇ. ಮನೆಯ ಹುಡುಗನೇ ತೆಗೆದುಕೊಂಡಿದ್ದಾನೆಂದು ತಿಳಿದರೆ ಹೊಡೆದು ಹೊರಗೆ ಹಾಕುವುದರಿಂದ ಅವನು ಚಟ ಬಿಡುವುದಿಲ್ಲ, ಬೇರೆ ಮನೆಯ ಬೀರು ಹುಡುಕುತ್ತಾನೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416 ಮತ್ತು ವ್ಯಸನಮುಕ್ತಿ ಸಹಾಯವಾಣಿ 14446 ಎರಡೂ ಉಚಿತ. ವ್ಯಸನಿಯೊಬ್ಬ ತಾನಾಗಿಯೇ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದಾದರೆ, ಸೇವನೆ ಮತ್ತು ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ವಿಚಾರಣೆಯಿಂದ ವಿನಾಯಿತಿ ಕೊಡುವ 64ಎ ಕಲಮು ಮಾದಕವಸ್ತು ಕಾಯ್ದೆಯಲ್ಲಿದೆ. ಈ ಕಲಮಿನ ಬಗ್ಗೆ ಊರಿನ ಹಿರಿಯರಿಗೆ, ಶಾಲೆಯ ಮೇಷ್ಟರಿಗೆ ತಿಳಿದಿರಲಿ.

ಈ ಭಾಗದಲ್ಲಿ ಜನ ಸೇರುವ ಸಂದರ್ಭಗಳಿಗೆ ಬರವಿಲ್ಲ. ಮೇಲುಕೋಟೆಯ ವೈರಮುಡಿಯ ರಾತ್ರಿ, ಹೇಮಗಿರಿ ಜಾತ್ರೆ, ಶ್ರೀರಂಗಪಟ್ಟಣದ ಸಂಗಮದ ಸ್ನಾನ, 2022ರ ಅಕ್ಟೋಬರ್‌ನಲ್ಲಿ ಅಂಬಿಗರಹಳ್ಳಿಯ ತ್ರಿವೇಣಿ ಸಂಗಮದಲ್ಲಿ ನಡೆದ ಕುಂಭಮೇಳ. ಚೀಲವನ್ನು ದಡದಲ್ಲಿಟ್ಟು ನೀರಿಗಿಳಿಯುವವರು ತಿಂಗಳ ಮಾತ್ರೆಯನ್ನೆಲ್ಲ ಹೊತ್ತು ಬರಬೇಕಾಗಿಲ್ಲ. ಹೊರಗೆ ಹೋಗುವ ದಿನಗಳಿಗೆ ಬೇಕಾದಷ್ಟು, ಮೇಲೆ ಎರಡು ದಿನದ್ದು ಸಾಕು. ಅದರಲ್ಲೂ ಒಂದು ದಿನದ್ದು ಜೇಬಿನಲ್ಲೋ ಸೆರಗಿನ ಗಂಟಿನಲ್ಲೋ ಇರಲಿ.

ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟು. ಇವತ್ತೇ ಮನೆಯ ಹಿರಿಯರ ಚೀಟಿಯನ್ನು, ಮಾತ್ರೆಯ ಸ್ಟ್ರಿಪ್ಪಿನ ಎರಡೂ ಬದಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ಮಗನಿಗೋ ಮಗಳಿಗೋ ಕಳಿಸಿ. ಮೊಬೈಲ್ ಇಲ್ಲದ ಮನೆಯಲ್ಲಿ ಒಂದು ಜೆರಾಕ್ಸ್ ಮಾಡಿಸಿ ಪಡಿತರ ಚೀಟಿಯ ಜೊತೆ ಇಡಿ. ಅಂಗಡಿಯ ಫೋನ್ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಮೆಡಿಕಲ್ ಸ್ಟೋರಿನವರು ಹಳೆಯ ಗಿರಾಕಿಯೊಬ್ಬರು ಗಾಬರಿಯಿಂದ ಫೋನ್ ಮಾಡಿದಾಗ ಬಿಲ್ಲಿನ ಪ್ರತಿ ಹುಡುಕಿ ಕೊಡಿ, ಚೀಟಿ ಬರೆಯಬಲ್ಲ ವೈದ್ಯರು ಆ ಹೊತ್ತಿನಲ್ಲಿ ಎಲ್ಲಿ ಸಿಗುತ್ತಾರೆಂದು ಹೇಳಿ. ಬಸ್ಸಿನ ನಿರ್ವಾಹಕರು ವಾರಸುದಾರರಿಲ್ಲದ ಚೀಲದಲ್ಲಿ ಮಾತ್ರೆ ಕಂಡರೆ ಡಿಪೋ ಮುಟ್ಟುವವರೆಗೆ ಕಾಯದೆ ಚೀಟಿಯ ಮೇಲಿನ ನಂಬರಿಗೆ ಕರೆ ಮಾಡಿ. ಠಾಣೆಯಲ್ಲಿ ದೂರು ಬರೆದುಕೊಳ್ಳುವವರು, ಎದುರಿಗೆ ನಿಂತ ಮುದುಕಿ ಮಾತ್ರೆ ಹೋಯಿತು ಎಂದಾಗ, ಮುಂದಿನ ಮಾತ್ರೆ ಎಷ್ಟು ಹೊತ್ತಿಗೆ ತಾಯಿ ಎಂದು ಮೊದಲು ಕೇಳಿ, ಸ್ವೀಕೃತಿ ಬರೆದು ಅವಳ ಕೈಗೆ ಕೊಟ್ಟು ಆಸ್ಪತ್ರೆಯ ದಾರಿ ತೋರಿಸಿ.