ಪತ್ತೇದಾರ ಪುರುಷೋತ್ತಮ ಗುಜರಿಯಲ್ಲಿದ್ದಾನೆ!

ವೈಟ್‌ಫೀಲ್ಡಿನ ಗಾಜಿನ ಕಟ್ಟಡದಲ್ಲಿ ನಿಮ್ಮ ಪಕ್ಕದ ಕುರ್ಚಿಯವನು ಷರ್ಲಾಕ್ ಹೋಮ್ಸನ ಹಳೇ ಇಂಗ್ಲಿಷ್ ಆವೃತ್ತಿಯೊಂದನ್ನು ಲಂಡನ್ನಿನಿಂದ ತರಿಸಿ, ಪ್ಲಾಸ್ಟಿಕ್ ಹೊದಿಸಿ ಇಟ್ಟಿರಬಹುದು. ಇಟ್ಟುಕೊಳ್ಳಲಿ, ತಪ್ಪೇನಿಲ್ಲ. ನಮ್ಮ ಪ್ರಶ್ನೆ ನಿಮಗೆ. ಎನ್. ನರಸಿಂಹಯ್ಯನವರ ಒಂದೇ ಒಂದು ಕಾದಂಬರಿಯ ಮೊದಲ ಮುದ್ರಣವನ್ನು ಕಣ್ಣಾರೆ ಕಂಡಿದ್ದೀರಾ?

ಯಾರಪ್ಪಾ ಈ ನರಸಿಂಹಯ್ಯ ಅಂತ ಕೇಳುತ್ತೀರಾದರೆ ನಿಮ್ಮ ತಾತನನ್ನು ಕೇಳಿ. ನಾಲ್ಕನೇ ಕ್ಲಾಸಿಗೇ ಓದು ನಿಂತ ಮನುಷ್ಯ ೫೦೦ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಪುರುಷೋತ್ತಮ, ಮಧುಸೂದನ, ಗಾಳಿರಾಯ, ಅರಿಂಜಯ ಎಲ್ಲರೂ ಅವರ ಪತ್ತೇದಾರರು. ಬಾಡಿಗೆ ಲೈಬ್ರರಿಯಿಂದ ಒಂದು ರಾತ್ರಿಗೆ ತಂದು, ಬೀದಿದೀಪದ ಕೆಳಗೆ ಮುಗಿಸಿ, ಬೆಳಗ್ಗೆ ವಾಪಸು ಕೊಡುವ ಪುಸ್ತಕಗಳು. ಪಂಡಿತರು ಮೂಗು ಮುರಿದರು. ಜನ ಓದಿದರು. ೨೦೧೧ರಲ್ಲಿ ಅವರು ತೀರಿಕೊಂಡರು.

ಕಳೆದ ವರ್ಷ ಪೀಣ್ಯದ ಗುಜರಿ ಅಂಗಡಿಯೊಂದರಲ್ಲಿ, ಲೇತ್ ಮಷೀನಿನ ಕಬ್ಬಿಣದ ಚೂರಿನ ಪಕ್ಕ ಒಂದು ರದ್ದಿ ಮೂಟೆ ಬಿದ್ದಿತ್ತು. ಒಳಗೆ ಲೈಬ್ರರಿ ಸೀಲಿದ್ದ ಹಳೇ ಪತ್ತೇದಾರಿ ಕಾದಂಬರಿಗಳು. ತೂಕಕ್ಕೆ ಹಾಕಿ ಕೊಂಡು ತಂದೆ. ಒಂದರ ಕೊನೆಯ ಹಾಳೆಗಳೇ ಇರಲಿಲ್ಲ. ಕೊಲೆಗಾರ ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ!

ಅಗ್ಗದ ಪುಸ್ತಕ, ಹೋದರೆ ಹೋಗಲಿ ಅನ್ನುವ ಜಾಣರೇ, ಕೇಳಿ. ಷರ್ಲಾಕ್ ಹೋಮ್ಸ್ ಮೊದಲು ಕಾಣಿಸಿಕೊಂಡದ್ದೂ ೧೮೮೭ರ ಒಂದು ಷಿಲ್ಲಿಂಗಿನ ಕ್ರಿಸ್‌ಮಸ್ ಸಂಚಿಕೆಯಲ್ಲೇ. ಅದೂ ಓದಿ ಬಿಸಾಡುವ ಮಾಲೇ. ಇವತ್ತು ಜಗತ್ತಿನಲ್ಲಿ ಉಳಿದಿರುವುದು ಕೆಲವೇ ಡಜನ್ ಪ್ರತಿ. ೨೦೦೭ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಒಂದು ಪ್ರತಿ ೧,೫೬,೦೦೦ ಡಾಲರಿಗೆ ಹೋಯಿತು. ಅವರ ರದ್ದಿ ಚಿನ್ನ, ನಮ್ಮ ರದ್ದಿ ಕಡಲೆಕಾಯಿ ಪೊಟ್ಟಣ. ಇದು ಯಾವ ನ್ಯಾಯ?

ಸಾಹಸ ಕಥೆಯ ಹಣೆಬರಹವೂ ಇದೇ. ನಮ್ಮ ಎಚ್‌ಎಎಲ್‌ನಲ್ಲಿ ಕೆಲಸ ಮಾಡಿದ ಕೆನೆತ್ ಆಂಡರ್ಸನ್ನನ ಮೊದಲ ಬೇಟೆ ಪುಸ್ತಕ ೧೯೫೪ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಮೊದಲ ಮುದ್ರಣಕ್ಕೆ ಈಗ ಸಾವಿರಾರು ರೂಪಾಯಿ ಸುರಿಯುವವರಿದ್ದಾರೆ. ಅದೇ ಆಂಡರ್ಸನ್ನನನ್ನು ಪೂರ್ಣಚಂದ್ರ ತೇಜಸ್ವಿ ಕಾಡಿನ ಕತೆಗಳಾಗಿ ಕನ್ನಡಕ್ಕೆ ತಂದರಲ್ಲ, ಅವುಗಳ ಮೊದಲ ಮುದ್ರಣ ಜೋಪಾನ ಮಾಡಿದವರು ಎಷ್ಟು ಜನ?

ಇನ್ನು ದೆಹಲಿಯ ಕಾನೂನು ನೋಡಿ. ೧೯೫೪ರ ಕಾಯ್ದೆಯ ಪ್ರಕಾರ ದೇಶದಲ್ಲಿ ಅಚ್ಚಾಗುವ ಪ್ರತಿ ಪುಸ್ತಕವನ್ನೂ ಪ್ರಕಾಶಕ ನಾಲ್ಕು ಗ್ರಂಥಾಲಯಗಳಿಗೆ ಕಳಿಸಬೇಕು. ಕೋಲ್ಕತ್ತಾ, ಚೆನ್ನೈ, ಮುಂಬೈ, ದೆಹಲಿ. ಬೆಂಗಳೂರು ಆ ಪಟ್ಟಿಯಲ್ಲೇ ಇಲ್ಲ! ಕನ್ನಡ ಪುಸ್ತಕ ನೋಡಲು ಕನ್ನಡಿಗ ಹೌರಾ ರೈಲು ಹತ್ತಬೇಕೇ? ನಮ್ಮ ಸಂಸದರು ಈ ಪಟ್ಟಿಗೆ ಬೆಂಗಳೂರನ್ನು ಸೇರಿಸಲೇಬೇಕು. ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ ತನ್ನಲ್ಲಿರುವ ಪತ್ತೇದಾರಿ ಪುಸ್ತಕಗಳ ಪಟ್ಟಿಯನ್ನು ಜನರ ಮುಂದಿಡಲಿ. ನರಸಿಂಹಯ್ಯನವರ ಕೃತಿಗಳ ಹಕ್ಕು ೨೦೭೧ರ ಕೊನೆಯವರೆಗೂ ವಾರಸುದಾರರದ್ದು. ಅವರಿಗೆ ತಕ್ಕ ಗೌರವಧನ ಕೊಟ್ಟು, ಒಪ್ಪಿಗೆ ಪಡೆದು, ಸರ್ಕಾರವೇ ಸ್ಕ್ಯಾನ್ ಮಾಡಿಸಲಿ. ಮರದ ತಿರುಳಿನ ಅಗ್ಗದ ಕಾಗದ ತನ್ನೊಳಗಿನ ಆಮ್ಲದಿಂದಲೇ ಪುಡಿಯಾಗುತ್ತದೆ. ಅದು ೨೦೭೧ರ ತನಕ ಕಾಯುವುದಿಲ್ಲ.

ಸರ್ಕಾರ ಏಳುವ ತನಕ ನೀವು ಕೈಕಟ್ಟಿ ಕೂರಬೇಡಿ. ಎಲೆಕ್ಟ್ರಾನಿಕ್ ಸಿಟಿಯವರಿಗೆ ವಾರಕ್ಕೆ ಎರಡು ರಜೆ, ಪೀಣ್ಯದವರಿಗೆ ಒಂದಾದರೂ ಉಂಟು. ಗುಜರಿ ಅಂಗಡಿಯವರಿಗೆ, ಪುಸ್ತಕ ಬಂದರೆ ತೆಗೆದಿಡಿ ಎಂದು ಹೇಳಿಬನ್ನಿ. ಹರಿದ ಹಾಳೆಗೆ ಸೆಲೋಟೇಪ್ ಅಂಟಿಸಬೇಡಿ, ಅದರ ಗೋಂದು ಕಾಗದವನ್ನೇ ತಿನ್ನುತ್ತದೆ. ಲೈಬ್ರರಿ ಸೀಲು ಕೆರೆಯಬೇಡಿ, ಆ ಪುಸ್ತಕ ಯಾವ ಬೀದಿಯಲ್ಲಿ ಓಡಾಡಿತೆಂಬುದಕ್ಕೆ ಅದೇ ಸಾಕ್ಷಿ. ಮುದ್ರಣದ ವರ್ಷ, ಅಚ್ಚುಕೂಟ, ಬೆಲೆ ಇರುವ ಪುಟದ ಫೋಟೋ ತೆಗೆದಿಡಿ. ಊರಿಗೆ ಹೋದಾಗ ಮೊದಲು ಅಟ್ಟ ಹತ್ತಿ ಹಳೇ ಟ್ರಂಕು ತೆರೆಯಿರಿ, ಹಬ್ಬದ ಸಾರಣೆ ಕಾರಣೆಯಲ್ಲಿ ಅಮ್ಮ ಅದನ್ನು ಹಳೇಪೇಪರಿನವನಿಗೆ ಹಾಕುವ ಮುಂಚೆ.