ನಾಲೆಯೂ ನಾಯಕರೂ

ಚುನಾವಣೆಯ ಕಾಲದಲ್ಲಿ ಮತದಾರರು ತಮ್ಮ ತಮ್ಮಲ್ಲಿ ನಡೆಸುವ ಚರ್ಚೆಯು ಚುನಾವಣೆಗಿಂತ ಕಡಮೆ ಮಹತ್ವದ್ದಲ್ಲ. ಮತ ಹಾಕುವುದು ಐದು ವರ್ಷಗಳಿಗೊಮ್ಮೆ ಗುಂಡಿಯೊತ್ತುವ ಒಂದು ಕ್ಷಣದ ಕೆಲಸ. ಅದನ್ನು ಯಾರಿಗಾಗಿ, ಯಾವ ಕಾರಣದಿಂದ ಒತ್ತಬೇಕೆಂಬುದು ಕಾಫಿ ಹೋಟಲುಗಳಲ್ಲಿಯೂ, ಕಚೇರಿಗಳ ಪಡಸಾಲೆಗಳಲ್ಲಿಯೂ, ಮಂಡಿಗಳ ಬಾಗಿಲಲ್ಲಿಯೂ ತಿಂಗಳುಗಟ್ಟಲೆ ನಿಶ್ಚಯವಾಗುತ್ತ ಬರುತ್ತದೆ. ತುಮಕೂರು ನಗರ, ಗುಬ್ಬಿ, ಕುಣಿಗಲ್ ಈ ಮೂರು ಕಡೆಗಳಲ್ಲಿ 2019ರಿಂದ ಈಚೆಗೆ ನಡೆದಿರುವ ಚರ್ಚೆಯನ್ನು ಗಮನಿಸಿದವರಿಗೆ ಒಂದು ಸಂಗತಿ ಕಾಣದಿರದು. ಜನರ ಮನಸ್ಸಿನಲ್ಲಿರುವ ಪ್ರಶ್ನೆ ಹೇಮಾವತಿಯ ನೀರು. ಬಾಯಿಗೆ ಬರುವುದು ಮಾತ್ರ ನಾಯಕರ ಹೆಸರು. ಹೀಗೇಕಾಯಿತೆಂಬುದನ್ನು ಇಲ್ಲಿ ವಿಚಾರಮಾಡಬೇಕೆಂದಿದ್ದೇವೆ.

2019ರ ಏಪ್ರಿಲ್ 18ರಂದು ತುಮಕೂರು ಲೋಕಸಭಾ ಕ್ಷೇತ್ರದಲ್ಲಿ ಮತದಾನ ನಡೆದಾಗ ಅಲ್ಲಿನ ಉಮೇದುವಾರರಲ್ಲಿ ಒಬ್ಬರು ಭಾರತದ ಮಾಜಿ ಪ್ರಧಾನಮಂತ್ರಿಗಳಾದ ಶ್ರೀ ಎಚ್. ಡಿ. ದೇವೇಗೌಡರು. ಬಹುಕಾಲ ತಮ್ಮದಾಗಿದ್ದ ಹಾಸನವನ್ನು ಮೊಮ್ಮಗನಿಗೆ ಬಿಟ್ಟುಕೊಟ್ಟು ಅವರು ಇಲ್ಲಿಗೆ ಬಂದಿದ್ದರು. ಕಾಂಗ್ರೆಸ್ಸಿಗೂ ಜನತಾದಳಕ್ಕೂ ಆಗಿದ್ದ ಮೈತ್ರಿಯ ಫಲವಾಗಿ, 2014ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದು ಸದಸ್ಯರಾಗಿದ್ದ ಶ್ರೀ ಎಸ್. ಪಿ. ಮುದ್ದಹನುಮೇಗೌಡರಿಗೆ ಟಿಕೆಟು ತಪ್ಪಿತ್ತು. ಈ ಅಸಮಾಧಾನದ ಮೇಲೆ ಇನ್ನೊಂದು ಮಾತು ಜಿಲ್ಲೆಯಲ್ಲೆಲ್ಲ ಹಬ್ಬಿತು. ಹೇಮಾವತಿಯ ನೀರನ್ನು ಹಾಸನದಲ್ಲಿಯೇ ನಿಲ್ಲಿಸಿದವರು ಈಗ ತುಮಕೂರಿನ ಮತ ಕೇಳುತ್ತಿದ್ದಾರೆ ಎಂಬುದೇ ಆ ಮಾತು. ದೇವೇಗೌಡರು ಅದನ್ನು ಅಲ್ಲಗಳೆದರು. ಭಾರತೀಯ ಜನತಾ ಪಕ್ಷದ ಶ್ರೀ ಜಿ. ಎಸ್. ಬಸವರಾಜು ಅವರು 13,339 ಮತಗಳಿಂದ ಗೆದ್ದರು. ಹನ್ನೊಂದು ಲಕ್ಷಕ್ಕೂ ಮೀರಿದ ಮತಗಳು ಇವರಿಬ್ಬರಿಗೇ ಬಿದ್ದಿದ್ದ ಕ್ಷೇತ್ರದಲ್ಲಿ ಇದು ಕೂದಲೆಳೆಯ ಅಂತರವೆಂದೇ ಹೇಳಬೇಕು.

ಆ ಆರೋಪ ನ್ಯಾಯವಾದುದೋ ಅಲ್ಲವೋ ಎಂಬುದು ಬೇರೆ ವಿಚಾರ. ನಮಗೆ ಮುಖ್ಯವಾಗಿ ತೋರುವುದು, ಅದನ್ನು ತೂಗಿ ನೋಡುವ ತಕ್ಕಡಿ ಮತದಾರರ ಕೈಯಲ್ಲಿರಲಿಲ್ಲವೆಂಬುದು. ಯಾವ ವರ್ಷ ಗೊರೂರಿನ ಅಣೆಕಟ್ಟಿನಿಂದ ಎಷ್ಟು ನೀರು ಹೊರಟಿತು, ಬಾಗೂರು-ನವಿಲೆ ಸುರಂಗವನ್ನು ದಾಟಿ ತುಮಕೂರು ನಾಲೆಗೆ ಎಷ್ಟು ಬಂದಿತು, ಕೊನೆಯ ತೂಬಿಗೆ ಎಷ್ಟು ಉಳಿಯಿತು ಎಂಬ ಲೆಕ್ಕವು ವೇದಿಕೆಯ ಭಾಷಣಕ್ಕೆ ಒಗ್ಗತಕ್ಕ ವಸ್ತುವಲ್ಲ. ಲೆಕ್ಕವಿಲ್ಲದ ಕಡೆ ಹೆಸರು ಬಂದು ಕೂಡುತ್ತದೆ. 'ತಡೆದವರು ಅವರು', 'ತರುವವರು ಇವರು' ಎಂದು ಮಾತು ಮುಗಿದುಹೋಗುತ್ತದೆ. ಇದರ ಜೊತೆಗೆ ಜಾತಿಯ ಲೆಕ್ಕವೊಂದುಂಟು. ಸರ್ಕಾರದ ಯಾವ ಪುಸ್ತಕದಲ್ಲಿಯೂ ದೊರೆಯದ ಅಂಕಿಗಳು ಅಂಗಡಿಯ ಜಗಲಿಯ ಮೇಲೆ ಸಾವಿರ ಸಾವಿರವಾಗಿ ದೊರೆಯುತ್ತವೆ. ಇಂತಹ ಕೋಮಿನವರು ಇಷ್ಟು, ಅಂತಹವರು ಅಷ್ಟು ಎಂದು ಬಾಯಿಪಾಠವಾಗಿ ಹೇಳಬಲ್ಲವರಲ್ಲಿ ತಮ್ಮ ಊರಿನ ಕೆರೆಗೆ ಕಳೆದ ವರ್ಷ ನಾಲೆಯ ನೀರು ಎಷ್ಟು ದಿನ ಹರಿಯಿತೆಂದು ಹೇಳಬಲ್ಲವರು ವಿರಳ.

ಲೋಕಸಭೆಯ ಚುನಾವಣೆಯಲ್ಲಿ ನಾಲೆಯ ವಿಷಯ ಚರ್ಚೆಗೆ ಬಂದುದರಲ್ಲಿಯೇ ಒಂದು ಗೊಂದಲವುಂಟು. ನಮ್ಮ ಸಂವಿಧಾನದ ಪ್ರಕಾರ ನೀರು, ನೀರಾವರಿ, ಕಾಲುವೆಗಳು ಮುಖ್ಯವಾಗಿ ರಾಜ್ಯಗಳ ಅಧಿಕಾರಕ್ಕೆ ಸೇರಿದವು. ನಾಲೆಯನ್ನು ನೋಡಿಕೊಳ್ಳುವುದು ರಾಜ್ಯದ ಕಾವೇರಿ ನೀರಾವರಿ ನಿಗಮ. 2024ರಲ್ಲಿ ತುಮಕೂರಿನಿಂದ ಗೆದ್ದ ಶ್ರೀ ವಿ. ಸೋಮಣ್ಣನವರು ಅದೇ ವರ್ಷ ಜೂನ್ ತಿಂಗಳಲ್ಲಿ ಕೇಂದ್ರದಲ್ಲಿ ರೈಲ್ವೆಯ ಜೊತೆಗೆ ಜಲಶಕ್ತಿ ಇಲಾಖೆಯ ರಾಜ್ಯಮಂತ್ರಿಗಳೂ ಆದಾಗ ಜಿಲ್ಲೆಯಲ್ಲಿ ಸಂತೋಷ ತೋರಿದವರು ಅನೇಕರು. ಆದಾಗ್ಯೂ ಗುಬ್ಬಿಯ ಒಂದು ತೂಬಿನ ಬೀಗದ ಕೈಯೂ ದೆಹಲಿಯ ಆ ಇಲಾಖೆಯಲ್ಲಿಲ್ಲ.

ಈಗ ನಾಲೆಯ ಸ್ಥಿತಿಯನ್ನು ನೋಡೋಣ. ಹೇಮಾವತಿಯ ನೀರಿನಲ್ಲಿ ತುಮಕೂರು ಜಿಲ್ಲೆಗೆ ಗೊತ್ತಾಗಿರುವ ಪಾಲಿನಲ್ಲಿ ಕುಣಿಗಲ್ ತಾಲ್ಲೂಕಿಗೂ ಭಾಗವಿದೆ. ಆದರೆ ಕುಣಿಗಲ್ಲು ನಾಲೆಯ ಬಾಲದ ತುದಿಯಲ್ಲಿದೆ. ದಾರಿಯುದ್ದಕ್ಕೂ ಇಂಗುವುದು, ಹೂಳು ತುಂಬಿದ ಕಡೆ ನಿಲ್ಲುವುದು, ಮೇಲಿನ ಊರಿನವರು ಪಂಪು ಇಟ್ಟು ಎತ್ತಿಕೊಳ್ಳುವುದು, ಇವೆಲ್ಲ ಆದ ಮೇಲೆ ಉಳಿದುದು ಅವರದು. ಜನಪದದ ಹಾಡಿನಲ್ಲಿ ಹೆಸರಾದ ದೊಡ್ಡ ಕೆರೆಯುಳ್ಳ ಊರಿನವರು ತಮ್ಮ ಪಾಲು ಕಾಗದದಲ್ಲಿ ಮಾತ್ರ ಇದೆಯೆಂದು ಹೇಳುತ್ತ ಬಂದಿದ್ದಾರೆ. ಅವರ ಸಂಕಟ ಸುಳ್ಳಲ್ಲ. ಇದಕ್ಕೆ ಪರಿಹಾರವೆಂದು ಹೊರಟದ್ದೇ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್. ತುಮಕೂರು ನಾಲೆಯ ಸುಮಾರು 70ನೆಯ ಕಿಲೋಮೀಟರಿನ ಬಳಿ, ಗುಬ್ಬಿ ತಾಲ್ಲೂಕಿನಲ್ಲಿ ನೀರನ್ನು ತಿರುಗಿಸಿ, ಕೊಳವೆಯ ಮಾರ್ಗದಲ್ಲಿ ನೇರವಾಗಿ ಕುಣಿಗಲ್ ಕಡೆಗೆ ಒಯ್ಯತಕ್ಕ ಈ ಯೋಜನೆಗೆ ಸುಮಾರು 1,000 ಕೋಟಿ ರೂಪಾಯಿಗಳ ವೆಚ್ಚವನ್ನು ಅಂದಾಜು ಮಾಡಲಾಯಿತು.

ಗುಬ್ಬಿಯವರ ಭಯವೂ ಅಲಕ್ಷ್ಯ ಮಾಡತಕ್ಕದ್ದಲ್ಲ. ತಗ್ಗಿನಲ್ಲಿ ಹೂಳಿದ ಕೊಳವೆಗೆ ನೀರು ತಾನಾಗಿಯೇ ಮೊದಲು ನುಗ್ಗುತ್ತದೆ, ನಾಲೆಯ ಮುಂದಿನ ಭಾಗವನ್ನು ನಂಬಿದ ಕೆರೆಗಳು ಒಣಗುತ್ತವೆ, ಅಡಕೆ ಮತ್ತು ತೆಂಗಿನ ತೋಟಗಳು ಹಾಳಾಗುತ್ತವೆ ಎಂದು ಅವರು ಹೇಳುತ್ತಾರೆ. ಕುಣಿಗಲ್ಲಿನ ಹೆಸರಿನಲ್ಲಿ ನೀರು ಮಾಗಡಿಗೂ ರಾಮನಗರದ ಕಡೆಗೂ ಹೋಗುವುದೆಂಬ ಸಂಶಯವೂ ಅವರಲ್ಲಿ ಬೇರೂರಿದೆ. ತುಮಕೂರು ನಗರದವರು ಈ ಜಗಳವನ್ನು ರೈತರ ಜಗಳವೆಂದು ದೂರದಿಂದ ನೋಡುವಂತಿಲ್ಲ. ನಗರಕ್ಕೆ ಕುಡಿಯುವ ನೀರನ್ನು ಕೊಡುವ ಬುಗುಡನಹಳ್ಳಿಯ ಕೆರೆ ತುಂಬುವುದೂ ಇದೇ ನಾಲೆಯಿಂದಲೇ. 2025ರ ಮೇ 31ರಂದು ಪ್ರತಿಬಂಧಕಾಜ್ಞೆ ಜಾರಿಯಲ್ಲಿದ್ದಾಗ್ಯೂ ಗುಬ್ಬಿ ತಾಲ್ಲೂಕಿನಲ್ಲಿ ಕಾಮಗಾರಿಯ ಸ್ಥಳದ ಬಳಿ ಜನರು ಸಹಸ್ರ ಸಂಖ್ಯೆಯಲ್ಲಿ ಸೇರಿ ವಿರೋಧವನ್ನು ತೋರಿದರು; ಮಠಾಧಿಪತಿಗಳೂ ಅವರ ಜೊತೆಗೆ ನಿಂತರು.

ಈ ವಿವಾದದಲ್ಲಿ ಪಕ್ಷಗಳ ಧೋರಣೆಯೇನು ಎಂದು ಹುಡುಕಹೊರಟರೆ ಕೈಗೆ ಸಿಕ್ಕುವುದು ಅತಿ ಸ್ವಲ್ಪ. ಯೋಜನೆಗೆ ಮೊದಲು ಮಂಜೂರಾತಿ ಕೊಟ್ಟದ್ದು ಶ್ರೀ ಕುಮಾರಸ್ವಾಮಿಯವರು ಮುಖ್ಯಮಂತ್ರಿಗಳಾಗಿದ್ದ ಜನತಾದಳ-ಕಾಂಗ್ರೆಸ್ ಸಮ್ಮಿಶ್ರ ಸರ್ಕಾರ. ಆಗ ಜಲಸಂಪನ್ಮೂಲ ಮಂತ್ರಿಗಳಾಗಿದ್ದವರು ಶ್ರೀ ಡಿ. ಕೆ. ಶಿವಕುಮಾರರು. 2019ರಲ್ಲಿ ಬಂದ ಶ್ರೀ ಯಡಿಯೂರಪ್ಪನವರ ಸರ್ಕಾರದಲ್ಲಿ ಅದು ನಿಂತಿತು. 2023ರಲ್ಲಿ ಕಾಂಗ್ರೆಸ್ಸು ಅಧಿಕಾರಕ್ಕೆ ಬಂದು, ಶಿವಕುಮಾರರೇ ಪುನಃ ಅದೇ ಇಲಾಖೆಯನ್ನು ವಹಿಸಿಕೊಂಡ ಮೇಲೆ ಮತ್ತೆ ಎದ್ದಿತು. ಮಂಜೂರಾತಿಯ ಕಾಲದಲ್ಲಿ ಸರ್ಕಾರವನ್ನೇ ನಡೆಸುತ್ತಿದ್ದ ಜನತಾದಳದ ಜಿಲ್ಲಾ ಮುಖಂಡರು ಈಗ ವಿರೋಧದ ಸಾಲಿನಲ್ಲಿ ನಿಂತಿದ್ದಾರೆ. ಕಾಂಗ್ರೆಸ್ಸಿನ ಇಕ್ಕಟ್ಟು ಇನ್ನೂ ವಿಚಿತ್ರವಾದುದು. 2023ರಲ್ಲಿ ಗುಬ್ಬಿಯಿಂದ ಗೆದ್ದ ಶ್ರೀ ಎಸ್. ಆರ್. ಶ್ರೀನಿವಾಸರೂ, ಕುಣಿಗಲ್ಲಿನಿಂದ ಗೆದ್ದ ಡಾಕ್ಟರ್ ಎಚ್. ಡಿ. ರಂಗನಾಥರೂ ಒಂದೇ ಪಕ್ಷದವರು. ಒಬ್ಬರ ಮತದಾರರು ಕೊಳವೆ ಬೇಡವೆನ್ನುತ್ತಾರೆ, ಇನ್ನೊಬ್ಬರ ಮತದಾರರು ಬೇಕೇ ಬೇಕೆನ್ನುತ್ತಾರೆ. ಕುಣಿಗಲ್ಲಿನ ವೇದಿಕೆಯ ಮೇಲೆ ನಿಂತು 'ನಿಮಗೆ ಈ ನೀರು ಬೇಡ' ಎನ್ನುವ ಧೈರ್ಯ ಯಾವ ಪಕ್ಷದವನಿಗೂ ಬಾರದೆಂಬುದನ್ನು ನಾವು ಬಲ್ಲೆವು. ಹೀಗಿರುವಾಗ ಪಕ್ಷದ ಧೋರಣೆಯೆಂಬುದು ಊರಿಂದೂರಿಗೆ ಬದಲಾಗುವ ವಸ್ತುವಾಯಿತು.

ಇಷ್ಟು ಸುಲಭವಾಗಿ ಎರಡು ನಾಲಿಗೆಯಿಂದ ಮಾತನಾಡಲು ಅವಕಾಶವಾದುದು ಹೇಗೆ? ನಮ್ಮ ಅಭಿಪ್ರಾಯದಲ್ಲಿ ಇದರ ಒಂದು ಮುಖ್ಯ ಕಾರಣ ಕ್ಷೇತ್ರಗಳ ಗಡಿಯಲ್ಲಿದೆ. ಕುಣಿಗಲ್ಲು ತುಮಕೂರು ಜಿಲ್ಲೆಯ ತಾಲ್ಲೂಕು. ಆದರೆ 2008ರ ಕ್ಷೇತ್ರ ಪುನರ್ವಿಂಗಡಣೆಯ ನಂತರ ಲೋಕಸಭೆಯ ಮಟ್ಟಿಗೆ ಅದು ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ ಸೇರಿದೆ. ಗುಬ್ಬಿಯೂ ತುಮಕೂರು ನಗರವೂ ತುಮಕೂರು ಕ್ಷೇತ್ರದಲ್ಲಿವೆ. ಒಂದೇ ನಾಲೆಯ ನಡುವಿನವರಿಗೆ ಒಬ್ಬ ಪ್ರತಿನಿಧಿ, ತುದಿಯವರಿಗೆ ಇನ್ನೊಬ್ಬ. ಎರಡು ಕಡೆಯವರ ಎದುರಿಗೂ ನಿಂತು, ಇಬ್ಬರಿಗೂ ಒಂದೇ ಉತ್ತರವನ್ನು ಹೇಳಬೇಕಾದ ಉಮೇದುವಾರನೇ ಇಲ್ಲ. 2024ರ ಏಪ್ರಿಲ್ 26ರಂದು ಎರಡೂ ಕ್ಷೇತ್ರಗಳಲ್ಲಿ ಒಂದೇ ದಿನ ಮತದಾನವಾಯಿತು. ತುಮಕೂರಿನಲ್ಲಿ ಚರ್ಚೆ ನಡೆದುದು, ಬೆಂಗಳೂರಿನಿಂದ ಬಂದ ಸೋಮಣ್ಣನವರು ಹೊರಗಿನವರೋ ಅಲ್ಲವೋ, 2022ರಲ್ಲಿ ಭಾರತೀಯ ಜನತಾ ಪಕ್ಷಕ್ಕೆ ಹೋಗಿ 2024ರಲ್ಲಿ ಕಾಂಗ್ರೆಸ್ಸಿಗೆ ಹಿಂತಿರುಗಿದ ಮುದ್ದಹನುಮೇಗೌಡರನ್ನು ನಂಬಬಹುದೋ ಬಾರದೋ ಎಂಬುದಾಗಿ. ಬೆಂಗಳೂರು ಗ್ರಾಮಾಂತರದಲ್ಲಿ ನಡೆದುದು, ಜಯದೇವ ಹೃದ್ರೋಗ ಸಂಸ್ಥೆಯನ್ನು ನಡೆಸಿ ಹೆಸರಾದ ಡಾಕ್ಟರ್ ಸಿ. ಎನ್. ಮಂಜುನಾಥರ ಸಜ್ಜನಿಕೆ ದೊಡ್ಡದೋ, ಶ್ರೀ ಡಿ. ಕೆ. ಸುರೇಶರ ಓಡಾಟ ದೊಡ್ಡದೋ ಎಂದು. ಸೋಮಣ್ಣನವರು 1,75,594 ಮತಗಳ ಅಂತರದಿಂದಲೂ, ಮಂಜುನಾಥರು ಎರಡೂವರೆ ಲಕ್ಷಕ್ಕೂ ಮೀರಿದ ಅಂತರದಿಂದಲೂ ಗೆದ್ದರು. ನಾಲೆಯ ಪ್ರಶ್ನೆ ಎಲ್ಲಿದ್ದಿತೋ ಅಲ್ಲಿಯೇ ಉಳಿಯಿತು.

ಇಷ್ಟರಿಂದ ಈ ಜಿಲ್ಲೆಯ ಮತದಾರರು ವಿಚಾರಹೀನರೆಂದು ಯಾರಾದರೂ ತೀರ್ಮಾನಿಸಿದರೆ ಅದು ದೊಡ್ಡ ಅನ್ಯಾಯವಾದೀತು. 2023ರ ಮೇ ತಿಂಗಳಲ್ಲಿ ವಿಧಾನಸಭೆಗೆ ಜಿಲ್ಲೆಯ ಹನ್ನೊಂದು ಸ್ಥಾನಗಳಲ್ಲಿ ಏಳನ್ನು ಕಾಂಗ್ರೆಸ್ಸಿಗೆ ಕೊಟ್ಟ ಜಿಲ್ಲೆ, ಮರುವರ್ಷ ಲೋಕಸಭೆಗೆ ಬೇರೆ ಪಕ್ಷವನ್ನು ಆರಿಸಿತು. ರಾಜ್ಯದ ಸರ್ಕಾರ ಬೇರೆ, ಕೇಂದ್ರದ ಸರ್ಕಾರ ಬೇರೆ ಎಂಬ ವಿವೇಚನೆಯಿಲ್ಲದವರು ಹೀಗೆ ಮಾಡಲಾರರು. ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ತಮ್ಮ ಮನೆಗೆ ಬಂದಿತೋ ಇಲ್ಲವೋ, ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ಹಣ ಉಳಿಯಿತೋ ಇಲ್ಲವೋ, 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಉದ್ಘಾಟನೆಯಾದ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಸ್ಥಳೀಯರಿಗೆ ಎಷ್ಟು ಕೆಲಸ ಸಿಕ್ಕೀತು ಎಂಬ ಪ್ರಶ್ನೆಗಳನ್ನು ಜನರು ಬಹಳ ನಿಷ್ಠುರವಾಗಿಯೇ ಕೇಳುತ್ತಾರೆ. ಏಕೆಂದರೆ ಬಂದ ಹಣ ಕಣ್ಣಿಗೆ ಕಾಣುತ್ತದೆ, ಸಿಕ್ಕದ ಕೆಲಸವೂ ಕಾಣುತ್ತದೆ. ಬಾರದ ನೀರಿಗೆ ಮಾತ್ರ ಇಂತಹವರೇ ಕಾರಣವೆಂದು ತೋರಿಸುವ ರಸೀತಿ ಇಲ್ಲ.

ಇಂಗ್ಲೆಂಡಿನ ಪದ್ಧತಿಯನ್ನು ಇಲ್ಲಿ ನೆನೆಯುವುದು ಅನುಚಿತವಾಗಲಾರದು. 1945ರ ಜುಲೈ ತಿಂಗಳಲ್ಲಿ ಆ ದೇಶದ ಮತದಾರರು ತಮ್ಮನ್ನು ಯುದ್ಧದಿಂದ ಪಾರುಮಾಡಿದ ಚರ್ಚಿಲ್ ಮಹಾಶಯರಿಗೆ ಜಯಕಾರ ಮಾಡಿ, ಅವರ ಪಕ್ಷವನ್ನು ಸೋಲಿಸಿ, ಲೇಬರ್ ಪಕ್ಷಕ್ಕೆ 393 ಸ್ಥಾನಗಳನ್ನು ಕೊಟ್ಟರು. ಮನೆ, ಉದ್ಯೋಗ, ವೈದ್ಯಸಹಾಯ ಇವುಗಳ ವಿಚಾರವಾಗಿ 1942ರ ಬೆವರಿಜ್ ವರದಿಯಿಂದ ಮೊದಲಾದ ಚರ್ಚೆಯೇ ಅವರ ಕೈಯಲ್ಲಿದ್ದ ತಕ್ಕಡಿ. 2024ರ ಜುಲೈ 4ರಂದು ಅಲ್ಲಿ ನಡೆದ ಚುನಾವಣೆಯು ಆದರ್ಶವೆಂದು ನಾವು ಹೇಳೆವು. ಮೂರರಲ್ಲೊಂದು ಪಾಲು ಮತ ಪಡೆದ ಪಕ್ಷಕ್ಕೆ 400ಕ್ಕೂ ಮೀರಿದ ಸ್ಥಾನಗಳು ದೊರೆತವು. ಆದರೆ ಒಂದು ಕ್ಷೇತ್ರದ ಉಮೇದುವಾರರೆಲ್ಲ ಒಂದೇ ವೇದಿಕೆಯ ಮೇಲೆ ಕುಳಿತು, ಸಭಿಕರು ಕೇಳಿದ ಪ್ರಶ್ನೆಗೆ ಒಬ್ಬರ ಎದುರಿಗೊಬ್ಬರು ಉತ್ತರ ಕೊಡುವ ರೂಢಿಯನ್ನು ಅವರು ಉಳಿಸಿಕೊಂಡು ಬಂದಿದ್ದಾರೆ. ಎದುರಾಳಿ ಪಕ್ಕದಲ್ಲಿಯೇ ಇರುವಾಗ ಈ ಊರಿಗೊಂದು ಆ ಊರಿಗೊಂದು ಮಾತು ಹೇಳುವುದು ಕಷ್ಟ.

ಪ್ರಶ್ನೆ ಕೇಳುವ ಪದ್ಧತಿ ನಮಗೂ ಹೊಸದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ ಅಲ್ಲಿಗೆ ಹೋದ 144 ಮಂದಿ ತಮ್ಮ ತಮ್ಮ ಸೀಮೆಯ ಕುಂದುಕೊರತೆಗಳನ್ನು ದಿವಾನರ ಮುಂದಿಡುವ ಅವಕಾಶವನ್ನು ಪಡೆದರು. ದಿವಾನರನ್ನು ಇಳಿಸುವ ಅಧಿಕಾರ ಆ ಪ್ರತಿನಿಧಿಗಳಿಗಿರಲಿಲ್ಲ. ಇಂದಿನ ಮತದಾರನಿಗೆ ಇಳಿಸುವ ಅಧಿಕಾರವುಂಟು. 2019ರಲ್ಲಿ ಮಾಜಿ ಪ್ರಧಾನಿಯನ್ನೇ ಸೋಲಿಸಿ ಅದನ್ನು ತೋರಿಸಿಯೂ ಕೊಟ್ಟಿದ್ದಾನೆ. ಆದರೆ ತನ್ನ ತಾಲ್ಲೂಕಿನ ಕೆರೆಯ ಹೆಸರು ಹಿಡಿದು ನಿಂತು ಕೇಳಿ ಉತ್ತರ ಪಡೆಯತಕ್ಕ ಸಭೆ ಅವನಿಗಿಲ್ಲ.

2028ರಲ್ಲಿ ವಿಧಾನಸಭೆಯ ಚುನಾವಣೆ ಬರಬೇಕಾಗಿದೆ. ನಾಲೆಯ ಅಧಿಕಾರ ನಿಜವಾಗಿ ಇರುವುದು ಆ ಸಭೆಯಿಂದ ಹುಟ್ಟುವ ಸರ್ಕಾರದಲ್ಲಿ. ಅಷ್ಟರೊಳಗೆ ಗುಬ್ಬಿ, ಕುಣಿಗಲ್, ತುಮಕೂರು ನಗರದ ವಕೀಲರು, ವರ್ತಕರು, ರೈತಸಂಘದವರು ಸೇರಿ ಒಂದು ಸಭೆಯನ್ನು ಏರ್ಪಡಿಸಿ, ಮೂರೂ ಪಕ್ಷದವರನ್ನು ಒಂದೇ ವೇದಿಕೆಗೆ ಕರೆಯಬಹುದು. ಕೇಳಬೇಕಾದುದು ಹೆಚ್ಚೇನಿಲ್ಲ. ನೀರು ತಿರುಗುವ ಸ್ಥಳದಲ್ಲಿ ಅಳತೆಯ ಯಂತ್ರ ಇಡುವಿರೋ, ಅದರ ಅಂಕಿಯನ್ನು ದಿನದಿನವೂ ಎರಡು ತಾಲ್ಲೂಕಿನ ಕಚೇರಿಗಳಲ್ಲಿ ಹಚ್ಚುವಿರೋ? ಕೊಳವೆಯಲ್ಲಿ ಹೋಗತಕ್ಕ ನೀರಿನ ಮಿತಿಯನ್ನು ಸರ್ಕಾರದ ಆಜ್ಞೆಯಲ್ಲಿ ಬರೆದು, ಅದು ಕುಣಿಗಲ್ಲಿನಿಂದ ಮುಂದಕ್ಕೆ ಹೋಗದೆಂದು ಕಟ್ಟುಮಾಡುವಿರೋ? ಕೊಳವೆ ಬೇಡವೆನ್ನುವವರು ಕುಣಿಗಲ್ಲಿನ ಪಾಲನ್ನು ಹಳೆಯ ನಾಲೆಯಲ್ಲಿಯೇ ತಲುಪಿಸುವ ಬಗೆ ಯಾವುದು, ಹೂಳೆತ್ತಲು ಎಷ್ಟು ಹಣ, ಅಕ್ರಮ ಪಂಪುಗಳನ್ನು ತೆಗೆಸುವವರಾರು? ಮಳೆ ತಪ್ಪಿ ಗೊರೂರಿನಲ್ಲಿ ನೀರು ಕಡಮೆಯಾದ ವರ್ಷ ಕೊರತೆಯನ್ನು ಯಾವ ಪ್ರಮಾಣದಲ್ಲಿ ಹಂಚುವಿರಿ, ನಗರದ ಕುಡಿಯುವ ನೀರನ್ನು ಮೊದಲು ತೆಗೆದಿರಿಸಿಯೋ ಆಮೇಲೆಯೋ?

ಸಭೆಯನ್ನು ಗುಬ್ಬಿಯಲ್ಲಿ ಕರೆದರೆ ಕುಣಿಗಲ್ಲಿನವರು ಬರಲು ಹಿಂಜರಿದಾರು, ಕುಣಿಗಲ್ಲಿನಲ್ಲಿ ಕರೆದರೆ ಗುಬ್ಬಿಯವರು. ಇಬ್ಬರಿಗೂ ಕೋರ್ಟು ಕಚೇರಿಯ ಕೆಲಸಕ್ಕೆ ತುಮಕೂರಿಗೆ ಬರುವ ರೂಢಿಯಿರುವುದರಿಂದ ಅಲ್ಲಿಯೇ ಕರೆಯುವುದು ಲೇಸು.